ಗಾಡಿ ಮಾತು: ಗಾರ್ಡ್ ಬೇಡ, ಮೊದಲು ಬೆಳಕು ಸರಿ ಮಾಡಿಸಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಪಿಕಪ್‌ನವರದ್ದೇ. ಮಳೆಗಾಲದಲ್ಲಿ ಹೀಗೆಯೇ, ಘಾಟ್ ಇಳಿಯುವವರಿಗೆಲ್ಲ ಲೈಟಿನ ನೆನಪಾಗುತ್ತದೆ. ಒಂದು ಪತ್ರಕ್ಕೆ ಉದ್ದಕ್ಕೆ ಬರೆದಿದ್ದೇನೆ, ಉಳಿದವಕ್ಕೆ ಚಿಕ್ಕದಾಗಿ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಾನು ಬೆಳಗಾವಿ ಕಡೆಯವನು. ಹದಿನಾಲ್ಕು ವರ್ಷದಿಂದ ಗೋವಾದ ಮಾಪುಸಾದಲ್ಲಿದ್ದೇನೆ. ವಾರಕ್ಕೆ ನಾಲ್ಕು ಸಲ ಬೆಳಗಾವಿಯಿಂದ ಕಾಯಿಪಲ್ಲೆ ತುಂಬಿಕೊಂಡು ರಾತ್ರಿ ಚೋರ್ಲಾ ಘಾಟ್ ಇಳಿಯುತ್ತೇನೆ. ಹೋದ ತಿಂಗಳು ಒಂದು ತಿರುವಿನಲ್ಲಿ ಕಾಡುಕೋಣ ನಿಂತಿತ್ತು. ಬ್ರೇಕ್ ಒತ್ತಿದ್ದಕ್ಕೆ ಐದಾರು ಅಡಿ ಉಳಿಸಿ ಗಾಡಿ ನಿಂತಿತು. ಮುಂದೆ ಒಂದು ಗಟ್ಟಿ ಬುಲ್ ಗಾರ್ಡ್ (ಬಂಪರ್ ಎದುರು ಕಟ್ಟುವ ಕಬ್ಬಿಣದ ಪೈಪಿನ ಚೌಕಟ್ಟು), ಅದರ ಮೇಲೆ ನಾಲ್ಕು ಎಲ್‌ಇಡಿ ಫೋಕಸ್ ಲೈಟ್ ಹಾಕಿಸಬೇಕು ಅಂತಿದ್ದೇನೆ. ಫ್ಯಾಬ್ರಿಕೇಶನ್ ಮಾಡುವವನು ಎರಡು ದಿನದಲ್ಲಿ ಕೊಡುತ್ತೇನೆ ಅಂದಿದ್ದಾನೆ. ಎಷ್ಟು ದಪ್ಪದ ಪೈಪ್, ಎಷ್ಟು ವ್ಯಾಟಿನ ಲೈಟ್ ಅಂತ ಹೇಳಿಬಿಡಿ.

ಉತ್ತರ: ಐದಾರು ಅಡಿ ಉಳಿಸಿ ನಿಂತಿತಲ್ಲ, ಅದೇ ದೊಡ್ಡದು. ಪೈಪಿನ ದಪ್ಪ ಮಾತ್ರ ನಾನು ಹೇಳುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಕೂತು ಓದಿ.

ಬುಲ್ ಬಾರ್, ಅಂದರೆ ಈ ಗಾರ್ಡ್, ಹೆಚ್ಚಾಗಿ ಆಸ್ಟ್ರೇಲಿಯಾದಲ್ಲಿ ಬೆಳೆದ ಸಾಮಾನು. ಅಲ್ಲಿ ರಾತ್ರಿ ರಸ್ತೆಗೆ ಹಾರುವುದು ಕಾಂಗರೂ. ಅದರಲ್ಲಿ ದೊಡ್ಡ ಗಂಡು ಅಂದರೂ ಎಂಬತ್ತು ತೊಂಬತ್ತು ಕೆಜಿ. ಊರಿನಿಂದ ಊರಿಗೆ ನೂರಾರು ಕಿಲೋಮೀಟರ್, ನಡುವೆ ರೇಡಿಯೇಟರ್ ಒಡೆದರೆ ಕೇಳುವವರಿಲ್ಲ. ಅದಕ್ಕೆ ಅಲ್ಲಿ ಗಾರ್ಡ್ ಕಟ್ಟಿದರು. ನಿಮ್ಮ ಎದುರು ನಿಂತಿದ್ದು ಕಾಂಗರೂ ಅಲ್ಲ. ಕಾಡುಕೋಣ, ಮರಾಠಿಯವರು ಗವಾ ಅನ್ನುತ್ತಾರೆ, ಗೋವಾದ ರಾಜ್ಯ ಪ್ರಾಣಿಯೇ ಅದು. ಬೆಳೆದ ಗಂಡು ಒಂದು ಟನ್‌ವರೆಗೂ ತೂಗುತ್ತದೆ, ಭುಜದ ಎತ್ತರ ಸುಮಾರು ನಮ್ಮ ನಿಮ್ಮ ತಲೆಯಷ್ಟು. ಪಿಕಪ್‌ನ ಬಾನೆಟ್ ನಮ್ಮ ಸೊಂಟದಿಂದ ಸ್ವಲ್ಪ ಮೇಲೆ ಬರುತ್ತದೆ, ಅಷ್ಟೇ. ಹಾಗಾಗಿ ಗುದ್ದಿದರೆ ಗಾರ್ಡ್ ತಾಗುವುದು ಅದರ ಕಾಲಿಗೆ, ಮೈ ಪೂರ್ತಿ ಬಂದು ಬೀಳುವುದು ಗಾಜಿನ ಮೇಲೆ, ಅಂದರೆ ನಿಮ್ಮ ಮೇಲೆ. ಹೆಸರಲ್ಲಿ ಬುಲ್ ಇದೆ ಅಂತ ಈ ಬುಲ್ಲಿಗೆ ಅದು ಏನೂ ಮಾಡುವುದಿಲ್ಲ.

ಇನ್ನು ಗಾಡಿಯ ಕಡೆಯಿಂದ ನೋಡಿ. ಮುಂದಿನ ಬಂಪರ್ ಒಡೆಯಲಿಕ್ಕೇ ಇರುವುದು. ಅದು ಮಡಚಿ ಪುಡಿಯಾಗುವಾಗ ಪೆಟ್ಟಿನ ಒಂದಷ್ಟು ಜೋರು ಅಲ್ಲೇ ಮುಗಿಯುತ್ತದೆ. ಗಾರ್ಡನ್ನು ನೇರ ಚಾಸಿಗೆ, ಅಂದರೆ ಗಾಡಿಯ ತಳದ ಉಕ್ಕಿನ ಚೌಕಟ್ಟಿಗೆ, ಬೋಲ್ಟ್ ಮಾಡಿದರೆ, ಅಥವಾ ನಮ್ಮ ಫ್ಯಾಬ್ರಿಕೇಶನ್ ಅಣ್ಣಂದಿರು ಮಾಡುವಂತೆ ವೆಲ್ಡಿಂಗೇ ಹೊಡೆದುಬಿಟ್ಟರೆ, ಆ ಪೆಟ್ಟು ನೇರ ಚಾಸಿಗೆ ಹೋಗುತ್ತದೆ. ವೆಲ್ಡಿಂಗ್ ಬಿಸಿಗೆ ಆ ಜಾಗದ ಉಕ್ಕು ಮೊದಲಿನ ಹಾಗೆ ಇರುವುದೂ ಇಲ್ಲ. ಬಂಪರ್ ಒಡೆದರೆ ಹೊಸದು ಸಿಗುತ್ತದೆ. ಚಾಸಿ ಸೊಟ್ಟಗಾದರೆ ಆಮೇಲೆ ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಟೈರ್ ತಿನ್ನುತ್ತಲೇ ಇರುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಇನ್ನೂ ತಲೆನೋವು. ಅದರ ಸೆನ್ಸರ್ ಪೆಟ್ಟಿನ ಲೆಕ್ಕ ಹಾಕುವುದು ಕಂಪನಿ ಕೊಟ್ಟ ಮುಂಭಾಗವನ್ನು ನಂಬಿಕೊಂಡು. ಅಲ್ಲಿ ನಲವತ್ತು ಐವತ್ತು ಕೆಜಿ ಕಬ್ಬಿಣ ನೇತು ಹಾಕಿದರೆ ಬ್ಯಾಗ್ ತಡವಾಗಿ ಬಿಚ್ಚಬಹುದು, ಬೇಡದಾಗ ಬಿಚ್ಚಬಹುದು.

ಮತ್ತೊಂದು. ನಿಮ್ಮ ಗಾಡಿ ಘಾಟಿನಲ್ಲೇ ಇರುವುದಿಲ್ಲವಲ್ಲ. ಬೆಳಗಾದರೆ ಮಾಪುಸಾ ಮಾರ್ಕೆಟ್ಟಿಗೆ ಬರುತ್ತದೆ. ಶುಕ್ರವಾರದ ಸಂತೆಯಲ್ಲಿ ಆ ಗಲ್ಲಿಗಳಲ್ಲಿ ಜನ ಹೇಗಿರುತ್ತಾರೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪ್ಲಾಸ್ಟಿಕ್ ಬಂಪರ್ ತಾಗಿದರೆ ಗಾಯವಾಗುವಲ್ಲಿ ಕಬ್ಬಿಣದ ಪೈಪ್ ತಾಗಿದರೆ ಮೂಳೆ ಮುರಿಯುತ್ತದೆ. ದೊಡ್ಡವರಿಗೆ ತೊಡೆಗೆ ಬರುವ ಪೈಪ್ ಮಕ್ಕಳಿಗೆ ತಲೆಗೇ ಬರುತ್ತದೆ. ಯುರೋಪಿನವರು 2005ರಲ್ಲೇ ಇದಕ್ಕೆ ಅಂತ ಬೇರೆ ನಿಯಮ ತಂದಿದ್ದು ಇದೇ ಕಾರಣಕ್ಕೆ.

ಕಾನೂನು ಬೇಗ ಹೇಳಿ ಮುಗಿಸುತ್ತೇನೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ, ಕ್ರಮ ತೆಗೆದುಕೊಳ್ಳಿ ಅಂತ ಹೇಳಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಅಂತ ಹೊಸ ಸೆಕ್ಷನ್ ಬಂತು. ಅದರ ಪ್ರಕಾರ ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಗೂಡ್ಸ್ ಗಾಡಿಗೆ ಪಾಸಿಂಗ್ (ಗಾಡಿಯ ಫಿಟ್‌ನೆಸ್ ಪರೀಕ್ಷೆ) ಬೇರೆ ಇದೆ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ. ಪಾಸಿಂಗ್ ದಿನ ಬಿಚ್ಚಿ ಮಾರನೇ ದಿನ ಹಾಕಿಕೊಳ್ಳುವ ಆಟ ನನಗೂ ಗೊತ್ತು. ಆದರೆ ಇನ್ಶೂರೆನ್ಸ್ ಸರ್ವೇಯರ್ ಬರುವುದು ಪಾಸಿಂಗ್ ದಿನ ಅಲ್ಲ, ಅಪಘಾತ ಆದ ದಿನ. ಅವತ್ತು ಗಾರ್ಡ್ ಗಾಡಿಯ ಮೇಲೇ ಇರುತ್ತದೆ.

ಗಾರ್ಡ್ ಅಲ್ಲಿಗೆ ಬಿಟ್ಟೆ. ಈಗ ಬೆಳಕು. ನಿಮ್ಮ ನಿಜವಾದ ಕಷ್ಟ ಇದು ಅಂತ ನನಗೆ ಅನಿಸುತ್ತದೆ. ಪ್ರಾಣಿ ಮೊದಲೇ ಕಂಡಿದ್ದರೆ ನೀವು ಗಾರ್ಡ್ ಕೇಳುತ್ತಿರಲಿಲ್ಲ, ಅಲ್ವಾ?

ಪತ್ರದಲ್ಲಿ ಒಂದು ಮಾತು ನೀವೇ ಬರೆದಿದ್ದೀರಿ, ಕಾಯಿಪಲ್ಲೆ ತುಂಬಿಕೊಂಡು ಅಂತ. ಲೋಡ್ ಬಿದ್ದಾಗ ಗಾಡಿಯ ಹಿಂಭಾಗ ಕೂರುತ್ತದೆ, ಮೂತಿ ಮೇಲಕ್ಕೇಳುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 3 ಮೀಟರ್ ಇದೆ ಅಂದುಕೊಳ್ಳಿ. ಹಿಂದೆ ಬರೀ 5 ಸೆಂಟಿಮೀಟರ್ ಕೂತರೆ ಸಾಕು, 50 ಮೀಟರ್ ದೂರದಲ್ಲಿ ಹೆಡ್‌ಲೈಟಿನ ಬೆಳಕು ಇರಬೇಕಾದ ಜಾಗಕ್ಕಿಂತ 80 ಸೆಂಟಿಮೀಟರ್‌ಗೂ ಜಾಸ್ತಿ ಮೇಲೆ ಹೋಗಿರುತ್ತದೆ. ಅಂದರೆ ನಿಮ್ಮ ಡಿಪ್ಪರ್ (ಹೆಡ್‌ಲೈಟಿನ ತಗ್ಗಿಸಿದ ಬೆಳಕು) ರಸ್ತೆ ಬಿಟ್ಟು ಎದುರಿನವನ ಕಣ್ಣಿಗೂ ಮರದ ಕೊಂಬೆಗೂ ಬೀಳುತ್ತಿರುತ್ತದೆ. ಅವನು ಸಿಟ್ಟಿಗೆ ತನ್ನ ಅಪ್ಪರ್ (ದೂರಕ್ಕೆ ಹೋಗುವ ಬೆಳಕು) ಹೊಡೆಯುತ್ತಾನೆ, ನಿಮಗೆ ಇನ್ನೂ ಕಾಣುವುದಿಲ್ಲ, ಇನ್ನೆರಡು ಲೈಟ್ ಬೇಕು ಅನಿಸುತ್ತದೆ. ಘಾಟಿನ ಅರ್ಧ ಜಗಳ ಹುಟ್ಟುವುದೇ ಹೀಗೆ.

ಸ್ಟಿಯರಿಂಗ್ ಹತ್ತಿರ, ಡ್ಯಾಶ್‌ಬೋರ್ಡಿನಲ್ಲಿ, 0 1 2 3 ಅಂತ ಬರೆದ ಪುಟ್ಟ ಚಕ್ರ ಇದೆಯಾ ನೋಡಿ. ಬಹಳ ಜನ ಅದನ್ನು ಗಾಡಿ ತಗೊಂಡ ದಿನದಿಂದ ಮುಟ್ಟಿರುವುದಿಲ್ಲ. ಅದು ಹೆಡ್‌ಲೈಟ್ ಕೆಳಗೆ ಇಳಿಸಲಿಕ್ಕೇ ಇರುವುದು. ಲೋಡ್ ಜಾಸ್ತಿಯಾದಷ್ಟೂ ಅಂಕಿ ಮೇಲೆ. ಅದು ಇಲ್ಲದ ಗಾಡಿಯಾದರೆ ಲೈಟಿನ ಹಿಂದೆ ತಿರುಪು ಇರುತ್ತದೆ. ದಿನಾ ಎಷ್ಟು ಲೋಡ್ ಹಾಕುತ್ತೀರೋ ಅಷ್ಟು ಹಾಕಿ, ಸಮತಟ್ಟು ಜಾಗದಲ್ಲಿ ಗೋಡೆಗೆ ಎದುರಾಗಿ 7.5 ಮೀಟರ್ ದೂರ ಗಾಡಿ ನಿಲ್ಲಿಸಿ. ನೆಲದಿಂದ ಲೈಟಿನ ನಡುವಿಗೆ ಎಷ್ಟು ಎತ್ತರ ಅಂತ ಅಳೆದು ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯಿರಿ. ಡಿಪ್ಪರ್ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಏಳೆಂಟು ಸೆಂಟಿಮೀಟರ್ ಕೆಳಗೆ ಬರಬೇಕು. ಹತ್ತು ನಿಮಿಷದ ಕೆಲಸ. ಒಂದೇ ಎಚ್ಚರಿಕೆ, ತಿರುಪಿನಲ್ಲಿ ಲೋಡ್ ಲೆಕ್ಕಕ್ಕೆ ಇಳಿಸಿದ್ದು ಖಾಲಿ ಗಾಡಿಯಲ್ಲಿ ತುಂಬಾ ಹತ್ತಿರ ಬೀಳುತ್ತದೆ. ವಾಪಸ್ ಖಾಲಿ ಹೋಗುವಾಗ ನಿಧಾನ ಹೋಗಿ.

ಎರಡನೆಯದು, ಬಲ್ಬಿಗೆ ಕರೆಂಟು ಸರಿಯಾಗಿ ಬರುತ್ತಿದೆಯಾ ಅಂತ ನೋಡಿಸಿ. ಇದನ್ನು ಯಾರೂ ನೋಡುವುದಿಲ್ಲ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5 ವೋಲ್ಟಿನ ಆಸುಪಾಸು ಇರುತ್ತದೆ. ಹಳೇ ವೈರು, ತುಕ್ಕು ಹಿಡಿದ ಅರ್ಥಿಂಗ್, ಸುಟ್ಟ ಸ್ವಿಚ್ ಎಲ್ಲ ದಾಟಿ ಬಲ್ಬಿಗೆ ಹೋಗುವಷ್ಟರಲ್ಲಿ 12 ಆಗಿದ್ದರೆ, ಬರೀ ಒಂದೂವರೆ ವೋಲ್ಟ್ ಅಲ್ವಾ ಅನ್ನಬೇಡಿ. ಹ್ಯಾಲೋಜನ್ ಬಲ್ಬಿನಲ್ಲಿ ಅಷ್ಟಕ್ಕೇ ಮೂರರಲ್ಲಿ ಒಂದು ಪಾಲು ಬೆಳಕು ಹೋಗಿಬಿಡುತ್ತದೆ. ಇಲೆಕ್ಟ್ರೀಷಿಯನ್ ಹತ್ತಿರ ಮೀಟರ್ ಇರುತ್ತದೆ, ಲೈಟ್ ಹಚ್ಚಿದಾಗ ಬಲ್ಬಿನ ಹೋಲ್ಡರ್‌ನಲ್ಲೇ ಅಳೆಯಲು ಹೇಳಿ. ಕಡಿಮೆ ಇದ್ದರೆ ಇರುವ ಹೆಡ್‌ಲೈಟಿಗೇ ರಿಲೇ (ಸಣ್ಣ ಸ್ವಿಚ್ಚಿನ ಮಾತಿಗೆ ದೊಡ್ಡ ಕರೆಂಟು ಬಿಡುವ ಪುಟ್ಟ ಡಬ್ಬಿ) ಹಾಕಿ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಸಿ. ಹೊಸ ಲೈಟ್ ಹಾಕಿಸಿದಷ್ಟೇ ಖುಷಿಯಾಗುತ್ತದೆ. ಗಾಜು ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ. ಕೆಸರು ಒರೆಸಲು ಒಂದು ಬಟ್ಟೆ ಸೀಟಿನ ಕೆಳಗೆ ಇಟ್ಟುಕೊಳ್ಳಿ. ಬೆಳಗಾವಿ-ಗೋವಾ ದಾರಿಯ ಅನಮೋಡ ಘಾಟಿನಲ್ಲಿ ಮಳೆಯ ದಿನ ಒಂದು ಟ್ರಕ್ಕಿನ ಹಿಂದೆ ಹತ್ತು ನಿಮಿಷ ಹೋದರೆ ಸಾಕು, ಲೈಟಿನ ಮೇಲೆ ಕೆಂಪು ಕೆಸರಿನ ಪರದೆ.

ಇಷ್ಟೆಲ್ಲ ಆದ ಮೇಲೂ ಸಾಲದು ಅನಿಸಿದರೆ ಒಂದೇ ಒಂದು ಜೊತೆ ಫಾಗ್ ಲೈಟ್ ಹಾಕಿಸಿ. ನಾಲ್ಕಲ್ಲ. ಫೋಕಸ್ ಲೈಟೂ ಅಲ್ಲ. ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕಬಾರದು, ತೀರಾ ಬೇಕಾದರೆ ಮೊದಲೇ ಆರ್‌ಟಿಓ ಅನುಮತಿ ತಗೊಳ್ಳಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 111 ಇದೆ. ಯಾವ ಲೈಟೂ ಎದುರಿನವರ ಕಣ್ಣು ಕುಕ್ಕಬಾರದು ಅಂತ ನಿಯಮ 106 ಇದೆ. ಫಾಗ್ ಲೈಟ್ ಡಿಪ್ಪರ್‌ಗಿಂತ ಮೇಲೆ ಇರಬಾರದು. ಕಂಪನಿಯವರೇ ಬಂಪರ್‌ನಲ್ಲಿ ಅದಕ್ಕೆ ತೂತು ಕೊಟ್ಟಿದ್ದರೆ ಅಲ್ಲೇ ಕೂರಿಸಿ, ಗಾರ್ಡ್ ಬೇಕೇ ಇಲ್ಲ. ಕ್ಯಾಬಿನ್ ತಲೆಯ ಮೇಲೆ ಲೈಟ್ ಬಾರ್ ಹಾಕುವವರಿದ್ದಾರೆ. ಮಂಜಿನಲ್ಲಿ ಅದನ್ನು ಹಚ್ಚಿ ನೋಡಿ, ಎದುರು ಬಿಳಿ ಗೋಡೆ ಕಟ್ಟಿದ ಹಾಗಾಗುತ್ತದೆ. ಬೆಳಕು ನಿಮ್ಮ ಕಣ್ಣಿನ ಮಟ್ಟದಿಂದಲೇ ಹೊರಟು ಮಂಜಿನ ಹನಿಗೆ ತಾಗಿ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಫಾಗ್ ಲೈಟ್ ಕೆಳಗಿರುವುದು, ಅಗಲಕ್ಕೆ ಹರಡುವುದು ಅದಕ್ಕೇ. ರಸ್ತೆಯ ಅಂಚು, ಬಿಳಿ ಪಟ್ಟೆ ಕಂಡರೆ ಅದರ ಕೆಲಸ ಮುಗಿಯಿತು.

ಈಗ ಒಂದು ಲೆಕ್ಕ. ಗಂಟೆಗೆ 60ರಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನೇಳು ಮೀಟರ್ ಹೋಗುತ್ತದೆ. ಕಂಡು, ಗೊತ್ತಾಗಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್, 25 ಮೀಟರ್. ಒದ್ದೆ ರಸ್ತೆಯಲ್ಲಿ ಲೋಡ್ ಗಾಡಿ ನಿಲ್ಲಲು ಇನ್ನೊಂದು 35. ಒಟ್ಟು 60 ಮೀಟರ್. ಡಿಪ್ಪರ್‌ನಲ್ಲಿ ಕಪ್ಪು ಮೈಯ ಪ್ರಾಣಿ 40-50 ಮೀಟರ್ ಆಚೆ ಕಾಣುವುದೇ ಕಷ್ಟ. ಅದೇ 40ರಲ್ಲಿ ಹೋದರೆ ಒಟ್ಟು 32 ಮೀಟರ್ ಆಸುಪಾಸು, ಅಂದರೆ ಕಂಡ ಮೇಲೆ ನಿಲ್ಲಬಹುದು. ಇಳಿಜಾರಿನಲ್ಲಿ ಇದಕ್ಕಿಂತ ಜಾಸ್ತಿ ಬೇಕು, ಅದನ್ನೂ ನೆನಪಿಡಿ. ನಾಲ್ಕು ಲೈಟ್ ಮಾಡುವ ಕೆಲಸವನ್ನು ನಿಮ್ಮ ಬಲಗಾಲು ಖರ್ಚಿಲ್ಲದೆ ಮಾಡುತ್ತದೆ.

ಕಾಡುಕೋಣದ ವಿಷಯದಲ್ಲಿ ಒಂದು ಸಣ್ಣ ಉಪಾಯ. ಅದರ ಮೈ ಕಪ್ಪು, ಆದರೆ ಮೊಣಕಾಲಿನ ಕೆಳಗೆ ಬಿಳಿ, ಸಾಕ್ಸ್ ಹಾಕಿದ ಹಾಗೆ. ಲೈಟಿಗೆ ಮೊದಲು ಕಾಣುವುದು ಆ ಬಿಳಿ ಕಾಲು. ಹಾಗಾಗಿ ದೂರ ನೋಡುವಾಗ ನೆಲಮಟ್ಟದಲ್ಲಿ ನೋಡಿ. ಒಂದು ದಾಟಿತು ಅಂತ ಗೇರ್ ಹಾಕಬೇಡಿ, ಅವು ಹಿಂಡಿನಲ್ಲಿ ಓಡಾಡುತ್ತವೆ, ಹಿಂದೆ ಇನ್ನೂ ಇರುತ್ತವೆ. ಹಾರ್ನ್ ಬಾರಿಸಿ ಗಾಬರಿ ಮಾಡಬೇಡಿ. ಡಿಪ್ಪರ್ ಹಾಕಿ ನಿಂತರೆ ಅವೇ ಹೋಗುತ್ತವೆ. ಬೀನ್ಸು ಕೊತ್ತಂಬರಿ ಐದು ನಿಮಿಷಕ್ಕೆ ಬಾಡುವುದಿಲ್ಲ.

ಪ್ರಶ್ನೆ: ಪುಣೆ ಹತ್ತಿರ ಚಾಕಣದಲ್ಲಿ ಕೆಲಸ. ಹೊಸ ಪಿಕಪ್ ತಗೊಂಡಾಗ ಷೋರೂಮಿನವರೇ ಆಕ್ಸೆಸರಿ ಅಂತ ಗಾರ್ಡ್ ಹಾಕಿ ಬಿಲ್ಲಿನಲ್ಲಿ ಸೇರಿಸಿದ್ದಾರೆ. ಈಗ ಪೊಲೀಸರು ದಂಡ ಹಾಕಿದರು. ಷೋರೂಮಿನಲ್ಲಿ ಕೇಳಿದರೆ ಎಲ್ಲರೂ ಹಾಕಿಸುತ್ತಾರೆ ಅನ್ನುತ್ತಾರೆ. ತಪ್ಪು ಯಾರದ್ದು?

ಉತ್ತರ: ರಸ್ತೆಯಲ್ಲಿ ಹಿಡಿದಾಗ ಮಾಲೀಕರದ್ದೇ. ಷೋರೂಮ್ ಹಾಕಿತು ಅನ್ನುವ ಮಾತು ಚಲನ್ ಬರೆಯುವವರ ಹತ್ತಿರ ನಡೆಯುವುದಿಲ್ಲ. ಆದರೆ ಬಿಲ್ ನಿಮ್ಮ ಕೈಯಲ್ಲಿದೆ, ಅದು ಒಳ್ಳೆಯದಾಯಿತು. ಮೊದಲು ಗಾರ್ಡ್ ಬಿಚ್ಚಿಸಿ. ಆಮೇಲೆ ಬಿಲ್ಲು, ಚಲನ್ನು ಎರಡರ ಪ್ರತಿ ಇಟ್ಟು ದುಡ್ಡು ವಾಪಸ್ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಬಾಯಿಮಾತಿನಲ್ಲಿ ಜಗಳ ಆಡಿ ಸುಮ್ನೆ ದಿನ ಹಾಳು ಮಾಡಬೇಡಿ. ಬಿಚ್ಚಿದ ಮೇಲೆ ಬೋಲ್ಟಿನ ತೂತುಗಳಿಗೆ ಪೇಂಟ್ ಹಚ್ಚಿ, ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ತುಕ್ಕು ಶುರುವಾಗುತ್ತದೆ.

ಪ್ರಶ್ನೆ: ಗೋವಾದ ವಾಸ್ಕೋದಿಂದ ಬರೆಯುತ್ತಿದ್ದೇನೆ. ಮೀನಿನ ಪೆಟ್ಟಿಗೆ ಸಾಗಿಸುವ ಗಾಡಿ. ಎರಡು 55 ವ್ಯಾಟ್ ಫಾಗ್ ಲೈಟ್ ಹಾಕಿಸಿದ ಮೇಲೆ ಸ್ವಿಚ್ ಬಿಸಿಯಾಗುತ್ತದೆ, ಸ್ವಲ್ಪ ವಾಸನೆಯೂ ಬರುತ್ತದೆ. ಓಡಿಸಬಹುದಾ?

ಉತ್ತರ: ಇವತ್ತು ರಾತ್ರಿಯೇ ಆ ಲೈಟ್ ಹಚ್ಚುವುದು ನಿಲ್ಲಿಸಿ. ವಾಸನೆ ಬಂತು ಅಂದರೆ ಒಳಗೆ ಪ್ಲಾಸ್ಟಿಕ್ ಕರಗುತ್ತಿದೆ.

ಇದು ನನಗೇ ಆಗಿದ್ದು, ಅದಕ್ಕೆ ಹೇಳುತ್ತೇನೆ. ಹುಡುಗಾಟದ ವಯಸ್ಸಿನಲ್ಲಿ ನನ್ನ ಹಳೇ ಟೆಂಪೋಗೆ ನಾಲ್ಕು ಲೈಟ್ ಹಾಕಿಸಿದ್ದೆ. ಹೌದು, ಗಾರ್ಡಿನ ಮೇಲೇ. ಊರ ಜಾತ್ರೆಯ ರಥದ ಹಾಗೆ ಕಾಣುತ್ತಿತ್ತು, ಬಹಳ ಹೆಮ್ಮೆ. ವೈರಿಂಗ್ ಮಾಡಿದವನು ಎಲ್ಲವನ್ನೂ ಹೆಡ್‌ಲೈಟಿನ ಸ್ವಿಚ್ಚಿಗೇ ಸುತ್ತಿಬಿಟ್ಟಿದ್ದ. ಅನಮೋಡ ಘಾಟಿನ ನಡುವೆ, ಮಳೆಯಲ್ಲಿ, ಡ್ಯಾಶ್‌ಬೋರ್ಡಿನಿಂದ ಹೊಗೆ ಬಂತು. ಮರುಕ್ಷಣ ನಾಲ್ಕು ಲೈಟೂ ಹೋದವು, ಹೆಡ್‌ಲೈಟೂ ಹೋಯಿತು, ಎದುರಿಗೆ ತಿರುವು. ಎಡಕ್ಕೆ ಗುಡ್ಡ ಇದೆ ಅನ್ನುವ ನೆನಪಿನ ಮೇಲೆ ಗಾಡಿಯನ್ನು ಆ ಕಡೆ ಒರಗಿಸಿ ನಿಲ್ಲಿಸಿದೆ. ಬೆಳಗಾಗುವವರೆಗೆ ಅಲ್ಲೇ ಕೂತಿದ್ದೆ. ಗಾರ್ಡ್ ಆ ವಾರವೇ ಗುಜರಿಗೆ ಹೋಯಿತು.

ಎರಡು 55 ವ್ಯಾಟ್ ಅಂದರೆ 110. 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿಗೆ ಅಷ್ಟು ಹೊರುವ ಶಕ್ತಿ ಇರುವುದಿಲ್ಲ. ಮಧ್ಯೆ ರಿಲೇ ಬೇಕು. ರಿಲೇಯ ತಳದಲ್ಲಿ ನಂಬರ್ ಬರೆದಿರುತ್ತಾರೆ. ಬ್ಯಾಟರಿಯ ಪ್ಲಸ್‌ನಿಂದ ಬಂದ ವೈರ್ 30ಕ್ಕೆ, ಲೈಟಿಗೆ ಹೋಗುವುದು 87ರಿಂದ, ಸ್ವಿಚ್ಚಿನ ಸಣ್ಣ ವೈರ್ 86ಕ್ಕೆ, 85ರಿಂದ ಗಾಡಿಯ ತಗಡಿಗೆ ಅರ್ಥ್. ಸ್ವಿಚ್ಚಿಗೆ ಕರೆಂಟು ಪಾರ್ಕಿಂಗ್ ಲೈಟಿನ ವೈರಿನಿಂದ ತಗೊಳ್ಳಿ, ಆಗ ಗಾಡಿಯ ಲೈಟ್ ಆರಿಸಿದರೆ ಇದೂ ಆರುತ್ತದೆ. ಬ್ಯಾಟರಿಯಿಂದ ಹೊರಟ ಕೂಡಲೇ, ಒಂದು ಗೇಣಿನ ಒಳಗೆ, 15 ಆಂಪಿಯರ್ ಫ್ಯೂಸ್ ಇರಬೇಕು. ಲೈಟಿನ ಹತ್ತಿರ ಫ್ಯೂಸ್ ಹಾಕಿದರೆ ನಡುವಿನ ವೈರ್ ಎಲ್ಲಾದರೂ ಸವೆದು ಗಾಡಿಯ ತಗಡಿಗೆ ತಾಗಿದಾಗ ಅದು ಕಾಪಾಡುವುದಿಲ್ಲ. ವೈರ್ 2.5 ಸ್ಕ್ವೇರ್ ಎಂಎಂ, ಮೇಲೆ ಸ್ಲೀವ್, ತಗಡಿನ ತೂತು ದಾಟುವಲ್ಲಿ ರಬ್ಬರ್ ಬುಷ್. ಫ್ಯೂಸ್ ಪದೇ ಪದೇ ಹೋದರೆ 30ರ ಫ್ಯೂಸ್ ಹಾಕುವ, ಇಲ್ಲವೇ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಜುಗಾಡ್ ಮಾಡಬೇಡಿ. ನಿಮ್ಮದು ಮೀನಿನ ಗಾಡಿ, ಉಪ್ಪುನೀರು ಸೋರುತ್ತದೆ. ಅರ್ಥ್ ಜಾಗದ ಪೇಂಟ್ ಕೆರೆದು ಬಿಗಿ ಮಾಡಿದ ಮೇಲೆ ಗ್ರೀಸ್ ಹಚ್ಚಿ, ತಿಂಗಳಿಗೊಮ್ಮೆ ನೋಡಿ.

ಪ್ರಶ್ನೆ: ನವಿ ಮುಂಬೈನ ವಾಶಿ ಮಾರ್ಕೆಟ್ಟಿಗೆ ಮಾಲು ಹೊಡೆಯುತ್ತೇನೆ. ಹ್ಯಾಲೋಜನ್ ತೆಗೆದು ಅದೇ ಹೋಲ್ಡರ್‌ಗೆ ಎಲ್‌ಇಡಿ ಬಲ್ಬ್ ಹಾಕಿದೆ. ಬಿಳಿ ಬೆಳಕು ಜೋರಾಗಿದೆ, ಆದರೂ ಮಳೆಯಲ್ಲಿ ರಸ್ತೆ ಕಾಣುವುದಿಲ್ಲ. ಯಾಕೆ?

ಉತ್ತರ: ಹೆಡ್‌ಲೈಟಿನ ಒಳಗಿನ ಕನ್ನಡಿ ಹ್ಯಾಲೋಜನ್‌ನ ಸಣ್ಣ ತಂತಿ ಎಲ್ಲಿ ಉರಿಯುತ್ತದೋ ಆ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಜಾಗ, ಆಕಾರ ಎರಡೂ ಬೇರೆ. ಬೆಳಕು ಜಾಸ್ತಿ ಇದ್ದರೂ ಅದು ಸಿಕ್ಕಾಪಟ್ಟೆ ಚದುರುತ್ತದೆ. ಸ್ವಲ್ಪ ಎದುರಿನವರ ಕಣ್ಣಿಗೆ, ಸ್ವಲ್ಪ ಆಕಾಶಕ್ಕೆ, ಮತ್ತೆ ಬಹಳಷ್ಟು ನಿಮ್ಮ ಬಂಪರ್ ಮುಂದೆಯೇ. ಬಂಪರ್ ಮುಂದೆ ಬೆಳಕು ಜಾಸ್ತಿಯಾದರೆ ಕಣ್ಣು ಅದಕ್ಕೇ ಹೊಂದಿಕೊಳ್ಳುತ್ತದೆ, ದೂರ ಇನ್ನೂ ಕತ್ತಲೆ ಅನಿಸುತ್ತದೆ. ಕಂಪನಿ ಕೊಟ್ಟ ಬಲ್ಬೇ ವಾಪಸ್ ಹಾಕಿ, 60/55 ವ್ಯಾಟ್ ಅಂತ ಇದ್ದರೆ ಅದೇ. 100/90 ಬೇಡ, ಹೋಲ್ಡರ್ ಕರಗುತ್ತದೆ.

ಪ್ರಶ್ನೆ: ಫಾಗ್ ಲೈಟ್ ಹಳದಿ ಒಳ್ಳೆಯದೋ ಬಿಳಿ ಒಳ್ಳೆಯದೋ? ಲೋನಾವಳಾ ಕಡೆ ಓಡಾಟ ಜಾಸ್ತಿ.

ಉತ್ತರ: ನನಗೆ ಹಳದಿ ಇಷ್ಟ, ಮಳೆಯಲ್ಲಿ ಕಣ್ಣಿಗೆ ಹಿತ. ಎರಡೂ ಬಣ್ಣಕ್ಕೆ ಅನುಮತಿ ಇದೆ. ಫ್ರಾನ್ಸಿನವರು 1993ರವರೆಗೆ ಹೆಡ್‌ಲೈಟೇ ಹಳದಿ ಇರಬೇಕು ಅಂತ ನಿಯಮ ಇಟ್ಟುಕೊಂಡಿದ್ದರು, ಆಮೇಲೆ ಬಿಟ್ಟರು. ಬಣ್ಣಕ್ಕಿಂತ ಲೈಟ್ ಎಷ್ಟು ಕೆಳಗಿದೆ, ಮೇಲಂಚು ಎಷ್ಟು ಚೊಕ್ಕ ಕತ್ತರಿಸಿದೆ ಅನ್ನುವುದು ಮುಖ್ಯ. ನೀಲಿ ಮಾತ್ರ ಬೇಡವೇ ಬೇಡ. ಮತ್ತೆ ಮಂಜು ಮುಗಿದ ಮೇಲೆ ಆರಿಸಿ. ಪುಣೆ ಊರೊಳಗೆ, ಒಣ ರಸ್ತೆಯಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗಲೂ ಫಾಗ್ ಲೈಟ್ ಉರಿಸುವವರನ್ನು ದಿನಾ ನೋಡುತ್ತೇನೆ.

ಪ್ರಶ್ನೆ: ಹಿಂದಿನಿಂದ ಬಂದು ಗುದ್ದುತ್ತಾರೆ ಅಂತ ಭಯ. ಹಿಂದೆಯೂ ಎರಡು ಲೈಟ್ ಹಾಕಿಸಲಾ?

ಉತ್ತರ: ಬೇಡ. ಹಿಂದಕ್ಕೆ ಬಿಳಿ ಬೆಳಕು ಬಿಟ್ಟರೆ ಹಿಂದೆ ಬರುವವನ ಕಣ್ಣು ಕಟ್ಟುತ್ತದೆ, ಆಗ ನಿಜವಾಗಿಯೂ ಗುದ್ದುತ್ತಾನೆ. ಹೊಳೆಯುವ ಟೇಪ್ ಅಂಟಿಸಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಹೇಗೂ ಪಾಸಿಂಗ್‌ಗೆ ಕೇಳುತ್ತಾರೆ. ತಾಡಪತ್ರಿ ಹಿಂದೆ ಜೋತು ಬಿದ್ದು ಟೇಪೂ ಟೇಲ್ ಲೈಟೂ ಮುಚ್ಚದ ಹಾಗೆ ಹಗ್ಗ ಕಟ್ಟಿ.